ಎತ್ತಿದ ಕೈ

ಹಲ್ಲುಜ್ಜುತ್ತಲೇ ಆ ಮಾತನ್ನು ಒಮ್ಮೆ ಆಡಿ ನೋಡಿದ. ‘ಇದು ನಿನ್ನ ಒಳ್ಳೇದಕ್ಕೇ ಕಣಮ್ಮ.’ ಬಾಯಿ ತುಂಬ ನೊರೆ ಇದ್ದುದರಿಂದ ‘ಒಳ್ಳೇದು’ ಅನ್ನುವಷ್ಟರಲ್ಲಿ ಅದು ಗದ್ದಕ್ಕಿಳಿದು ಬನಿಯನ್ನಿನ ಮೇಲೆ ಬಿತ್ತು. ಕನ್ನಡಿಯೊಳಗಿನ ಮನುಷ್ಯ ಮಾತನ್ನು ನಂಬಿದಂತೆ ಕಾಣಲಿಲ್ಲ. ಬಾಯಿ ಮುಕ್ಕಳಿಸಿ ಬೇರೆ ಬಗೆಯಲ್ಲಿ ಹೇಳಿದ. ‘ಕ್ಲಬ್ಬು ಅಂದ್ಮೇಲೆ ಇದೆಲ್ಲ ಇದ್ದಿದ್ದೇ.’ ಇದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು, ಯಾಕೆಂದರೆ ಇದು ಅವನ ಮಾತೇ ಅಲ್ಲ, ನಿನ್ನೆ ಫೋನಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಆಡಿದ್ದು. ಬಂದರಿನ ಕ್ಲಬ್ಬಿನವರು ನಮ್ಮ ಆಟಗಾರ್ತಿ ಸೂಜಿಯನ್ನು ಕೇಳಿದ್ದಾರೆ, ಬದಲಿಗೆ ಇಬ್ಬರು ಎಳೆಯ ಆಟಗಾರ್ತಿಯರನ್ನು ಕೊಡುತ್ತಾರೆ, ಒಬ್ಬಳು ಗೋಲ್‌ಕೀಪರ್, ಇನ್ನೊಬ್ಬಳು ಮಧ್ಯದಲ್ಲಿ ಆಡುವವಳು, ಇಬ್ಬರ ಮೊಣಕಾಲೂ ಗಟ್ಟಿ. ಅದಲುಬದಲಿಗೆ ಇವತ್ತೇ ಕೊನೆಯ ದಿನ, ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಹೂಂ ಅಂದುಬಿಡು ಸಾಕು. ತರಬೇತುದಾರ ಒಪ್ಪದೆ ಯಾರನ್ನೂ ಬಿಟ್ಟುಕೊಡುವಂತಿಲ್ಲ ಎಂಬುದು ಆ ಹೆಂಗಸರ ಹಾಕಿ ಕ್ಲಬ್ಬಿನ ಹಳೆಯ ಕಟ್ಟುಪಾಡು. ಅದನ್ನು ಮಾಡಿಟ್ಟುಹೋದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ. ಕಮಿಟಿಯವರೇ ತೀರ್ಮಾನ ಮಾಡಿ ಕಳಿಸಿಬಿಟ್ಟಿದ್ದರೆ ತರಬೇತುದಾರನಾದ ತಾನು ಅವಳ ಮುಂದೆ ಕೈಚೆಲ್ಲಿ ನಿಂತು, ನಾನೇನು ಮಾಡಲಿ ಹೇಳು, ಎಂದು ಮರುಗಬಹುದಿತ್ತು. ಈಗ ಮರುಗುವುದಕ್ಕೂ ಅವಕಾಶವಿಲ್ಲ.

‘ಯಾರ ಹತ್ರ ಮಾತಾಡ್ತಿದ್ದೀರಿ?’ ಅಡುಗೆಮನೆಯಿಂದ ಹೆಂಡತಿ ಕೇಳಿದಳು.

‘ಕನ್ನಡಿ ಹತ್ರ.’

‘ಸದ್ಯ, ಅದಾದ್ರೂ ಕೇಳಿಸ್ಕೊಳ್ಳುತ್ತಲ್ಲ.’

ತಿಂಡಿಗೆ ಕೂತಾಗ ಉಪ್ಪಿನ ಡಬ್ಬಿ ಎದುರಿಗೇ ಇತ್ತು. ಈ ಸಲದ ಪಂದ್ಯಗಳ ಋತು ಶುರುವಾಗುವ ಮುಂಚೆ ಇದೇ ಮೇಜಿನ ಮೇಲೆ ಅದು ಎದುರು ತಂಡದ ಗೋಲ್‌ಕೀಪರ್ ಆಗಿತ್ತು, ಚಮಚಗಳು ಅಡ್ಡಗಟ್ಟಲು ಓಡಿಬರುವ ಹುಡುಗಿಯರಾಗಿದ್ದವು, ಅಂಗಿಯಿಂದ ಕಿತ್ತುಬಂದ ಗುಂಡಿಯೊಂದು ಚೆಂಡಾಗಿತ್ತು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಹೆಂಡತಿ ಊಟಕ್ಕೆ ಚಮಚ ಹುಡುಕಿ, ಸಿಗದೆ, ಕೊನೆಗೆ ಗೋಲ್‌ಕೀಪರ್ ಸಮೇತ ಇಡೀ ತಂಡವನ್ನೇ ಎತ್ತಿಕೊಂಡು ಹೋಗಿದ್ದಳು. ಅಷ್ಟರಲ್ಲಿ ಅವನಿಗೆ ಹೊಳೆಯಬೇಕಾದದ್ದು ಹೊಳೆದಾಗಿತ್ತು. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಗೆರೆಯಿಂದ ಒಬ್ಬಳು ಚೆಂಡನ್ನು ಹೊರಕ್ಕೆ ತಳ್ಳುತ್ತಾಳೆ, ಅರ್ಧವೃತ್ತದ ಅಂಚಿನಲ್ಲಿ ಇನ್ನೊಬ್ಬಳು ಅದನ್ನು ತಡೆದು ನಿಲ್ಲಿಸುತ್ತಾಳೆ, ಸೂಜಿ ಹಿಂದಿನಿಂದ ಬಂದು ಎಳೆದು ಹೊಡೆಯುತ್ತಾಳೆ. ಎದುರಿನ ಗೋಲ್‌ಕೀಪರ್ ಯಾವ ಕಡೆ ವಾಲುತ್ತಾಳೆಂಬುದು ಚೆಂಡು ಹೊರಟ ಮೇಲಷ್ಟೇ ಕಾಣುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತು. ಆಡುವ ಕಾಲದುದ್ದಕ್ಕೂ ಅವನು ನಿಂತದ್ದು ಗೋಲಿನ ಮುಂದೆಯೇ. ಜೊತೆಯವರು ಅವನನ್ನು ಗೋಡೆ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೋ, ಇವನಿಗೆ ಹೇಳಿದ್ದು ನಾಟುವುದಿಲ್ಲ ಎಂಬ ದೂರೋ, ವಿಚಾರಿಸಲು ಹೋಗಿರಲಿಲ್ಲ. ಗೋಲಿನಲ್ಲಿ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ, ಎಡಕ್ಕೆ ಸರಿ, ಅವನನ್ನು ಬಿಡಬೇಡ ಎಂದು ಗಂಟಲು ಹರಿಯುವಂತೆ ಕೂಗುವುದೇ ಅವನ ಅರ್ಧ ಕೆಲಸ. ತರಬೇತುದಾರನಾಗಿ ಗೆರೆಯಾಚೆ ನಿಂತ ಮೇಲೆ ಆ ಕೂಗು ಯಾರಿಗೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ಕೈ. ಚೆಂಡು ಹೊರಟ ಕೂಡಲೇ ಅವನು ಗೋಲ್‌ಕೀಪರ್ ವಾಲುವುದನ್ನು ನೋಡಿ ಬಲಗೈಯನ್ನೋ ಎಡಗೈಯನ್ನೋ ಎತ್ತುವುದು, ಸೂಜಿ ಅವನತ್ತ ಒಮ್ಮೆ ನೋಡಿ ಆ ಕಡೆಗೆ ಹೊಡೆಯುವುದು. ಮೊದಲ ಪಂದ್ಯದಲ್ಲೇ ಗೋಲಾಯಿತು. ಪತ್ರಿಕೆಯವನೊಬ್ಬ ‘ಗೆರೆಯಾಚೆಯ ಮಿದುಳು’ ಎಂದು ಬರೆದ. ಅದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು, ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೂ ಆಗಾಗ ತೆಗೆದು ನೋಡಿ, ಕೊನೆಗೆ ಮಡಿಕೆಯಲ್ಲಿ ಸವೆದು ಮಿದುಳು ಎಂಬ ಪದವೇ ಹರಿದುಹೋಗಿತ್ತು.

ಆ ಗೋಲೇ ಕೊನೆ ಅನ್ನುವ ಹಾಗಾಯಿತು. ಆಮೇಲೆ ಸೂಜಿ ಹೊಡೆದದ್ದೆಲ್ಲ ಕಂಬಕ್ಕೆ, ಯಾರದೋ ಕಾಲಿಗೆ, ಬೇಲಿಗೆ. ಎದುರಾಳಿಗಳ ಕಾಲುಗಳ ನಡುವೆ ಚೆಂಡನ್ನು ದಾರದಂತೆ ಪೋಣಿಸಿಕೊಂಡು ಹೋಗುತ್ತಾಳೆಂದು ಹುಡುಗಿಯಾಗಿದ್ದಾಗ ಬಿದ್ದ ಹೆಸರು ಅದು; ನೋಡಲು ಬರುವವರು ಆ ಹೆಸರನ್ನೇ ಕೂಗಿ ಕೂಗಿ ಅವಳ ನಿಜವಾದ ಹೆಸರು ಕ್ಲಬ್ಬಿನ ಹಾಜರಿಯಲ್ಲಿ ಮಾತ್ರ ಉಳಿದಿತ್ತು. ಈಗ ಅವರೇ, ಸೂಜಿ ಮೊಂಡಾಯಿತು, ಎಂದು ನಗಾಡುತ್ತಿದ್ದರು. ಮಗುವಾದ ಮೇಲೆ ಕಾಲಿನ ಕಸುವು ಹೋಯಿತು ಎಂದರು ಕೆಲವರು, ದುಡಿದದ್ದು ಸಾಕೆನಿಸಿರಬೇಕು ಎಂದರು ಇನ್ನು ಕೆಲವರು. ಅವನು ಯಾರ ಮಾತನ್ನೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಅಲ್ಲಗಳೆಯಬಹುದಿತ್ತು. ಕಮಿಟಿಯವರು ಅವಳ ಕಾಲಿನ ಬಗ್ಗೆ ಮಾತಾಡುತ್ತಿರುವಷ್ಟು ಹೊತ್ತು ತನ್ನ ಬಗ್ಗೆ ಮಾತಾಡುವುದಿಲ್ಲ ಎಂಬ ಒಂದು ಸಣ್ಣ ನೆಮ್ಮದಿ, ಬೆಚ್ಚಗಿನ ಕಾಲುಚೀಲದ ಹಾಗೆ, ಅವನಿಗೆ ಹಿತವಾಗಿತ್ತು.

ಹೆಂಡತಿ ಬುತ್ತಿ ಕಟ್ಟುತ್ತಾ, ಹೂಂ ಅನ್ನುತ್ತೀರೋ ಊಹೂಂ ಅನ್ನುತ್ತೀರೋ ಎಂದು ಕೇಳಿದಳು. ಇನ್ನೂ ಯೋಚನೆ ಮಾಡುತ್ತಿದ್ದೇನೆ ಎಂದ. ಅವಳು ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತು, ಸುಮ್ಮನೆ ಹೊರಟುಬಿಡುತ್ತಾಳೇನೋ ಅಂದುಕೊಂಡರೆ, ತಿರುಗಿ, ‘ಇಷ್ಟೊಂದು ರಿಹರ್ಸಲ್ ಮಾಡ್ತಿದ್ದೀರಲ್ಲ, ನಿಮಗೇ ಆ ಮಾತು ಹಿಡಿಸಿಲ್ಲ ಅನ್ಸುತ್ತೆ,’ ಎಂದು ಹೇಳಿ ಮೆಟ್ಟಿಲಿಳಿದಳು. ಅವಳ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿಸಿತು.

ಮೈದಾನದ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದಾಗಲೇ ಸೂಜಿ ಎದುರಾದಳು. ಅವಳನ್ನು ಇಷ್ಟು ಬೇಗ, ಇಷ್ಟು ಹತ್ತಿರದಿಂದ ಎದುರಿಸಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಕೈಯಲ್ಲಿ ಸ್ಟಿಕ್ಕು, ಹೆಗಲಲ್ಲಿ ಟವಲು, ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ಒಂದು ಉತ್ಸಾಹ. ಮನೆ ಸಿಕ್ಕಿತು ಸಾರ್, ಎಂದಳು. ಮೈದಾನದ ಹಿಂದಿನ ಬೀದಿಯಲ್ಲೇ, ಬೇಕರಿಯ ಮೇಲೆ, ಎರಡನೇ ಮಹಡಿ. ಬೆಳಗಿನ ಮತ್ತು ಸಂಜೆಯ ಅಭ್ಯಾಸದ ನಡುವೆ ನಡೆದುಕೊಂಡೇ ಹೋಗಿ ಮಗಳಿಗೆ ಊಟ ಮಾಡಿಸಿ ಬರಬಹುದು, ಇಷ್ಟು ದಿನ ಎರಡು ಬಸ್ಸು ಹಿಡಿದು ಸಾಯುತ್ತಿದ್ದೆ. ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಅವನಿಗೂ ಅಲ್ಲಿಂದ ಹತ್ತಿರ. ಮಧ್ಯಾಹ್ನ ಕೀಲಿ ಕೊಡುತ್ತಾರೆ. ಭಾನುವಾರ ಸಾಮಾನು ಸಾಗಿಸಲು ಕ್ಲಬ್ಬಿನ ವ್ಯಾನು ಸಿಗಬಹುದಾ ಎಂದು ಕೇಳಿದಳು. ಕೇಳುವಾಗ ಸ್ಟಿಕ್ಕಿನ ತುದಿಯಿಂದ ನೆಲ ಕೆರೆದಳು, ಕೇಳಬಾರದ್ದನ್ನು ಕೇಳುತ್ತಿರುವವಳ ಹಾಗೆ. ಭಾನುವಾರದ ಹೊತ್ತಿಗೆ ನೀನು ಬಂದರಿನಲ್ಲಿರುತ್ತೀಯ, ಅಲ್ಲಿ ಬಾಡಿಗೆಮನೆ ಹುಡುಕುತ್ತಿರುತ್ತೀಯ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಸ್ಕೂಟರಿನ ಕೀಲಿಯನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡ.

‘ನೋಡೋಣ,’ ಎಂದ.

ಅವಳು ಅದನ್ನು ಆಗಲಿ ಎಂದೇ ತಿಳಿದು ನಕ್ಕು ಥ್ಯಾಂಕ್ಸ್ ಹೇಳಿ ಓಡಿದಳು. ಅವನು ಮೈದಾನಕ್ಕೆ ಹೋಗುವ ಬದಲು, ಪ್ಯಾಡುಗಳನ್ನು ನೋಡಬೇಕು ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು, ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಬೆವರು, ರಬ್ಬರು, ಒಣಗದ ಕ್ಯಾನ್ವಾಸಿನ ವಾಸನೆ. ಈ ವಾಸನೆಯಲ್ಲೇ ತನ್ನ ಹರೆಯ ಕಳೆದುಹೋಯಿತು ಎಂದು ಹೆಂಡತಿಯ ಮುಂದೆ ಒಮ್ಮೆ ಹೇಳಿದ್ದಕ್ಕೆ, ಅದಕ್ಕೇ ನಿಮಗೆ ಮೂಗು ಅಷ್ಟಾಗಿ ಕೆಲಸ ಮಾಡಲ್ಲ, ಹಾಲು ಸೀದರೂ ಗೊತ್ತಾಗಲ್ಲ ಎಂದಿದ್ದಳು. ಗೋಣಿಯ ಮೇಲೆ ಕೂತ. ಹೊರಗೆ ನೀರು ಚಿಮ್ಮಿಸುವ ಕೊಳವೆಗಳು ನಿಂತು, ಹುಡುಗಿಯರ ಮಾತು, ಸೀಟಿ, ಆಮೇಲೆ ಆ ಸದ್ದು. ಗೋಲಿನ ಹಿಂದಿನ ಹಲಗೆಗೆ ಚೆಂಡು ಬಡಿಯುವ ಸದ್ದು. ಅದನ್ನು ಕೇಳಿದರೆ ಈಗಲೂ ಅವನ ಬೆನ್ನು ಸೆಟೆಯುತ್ತದೆ. ಗೋಲ್‌ಕೀಪರ್‌ನ ಬೆನ್ನ ಹಿಂದೆ ಆ ಸದ್ದಾಯಿತೆಂದರೆ ಮುಗಿಯಿತು, ಹತ್ತು ಜನ ತಿರುಗಿ ಅವನನ್ನೇ ನೋಡುತ್ತಾರೆ, ನೋಡಿ ಏನೂ ಅನ್ನುವುದಿಲ್ಲ. ಮತ್ತೆ ಅದೇ ಸದ್ದು. ಮತ್ತೆ. ಯಾರೋ ಕಾರ್ನರ್ ಹೊಡೆಯುತ್ತಿದ್ದಾರೆ, ಒಂದೂ ಗುರಿ ತಪ್ಪುತ್ತಿಲ್ಲ. ಯಾರಿರಬಹುದು ಎಂದು ಯೋಚಿಸಿ, ಮಧ್ಯದಲ್ಲಿ ಆಡುವ ಉದ್ದ ಜಡೆಯವಳಿರಬೇಕು, ಪರವಾಗಿಲ್ಲ, ಸೂಜಿ ಹೋದರೆ ಇವಳಿದ್ದಾಳೆ ಎಂದು ಲೆಕ್ಕ ಹಾಕುತ್ತಾ, ತನ್ನ ಮನಸ್ಸು ಎಷ್ಟು ಚುರುಕಾಗಿ ಆ ಲೆಕ್ಕಕ್ಕೆ ಹೋಯಿತೆಂದು ನಾಚಿಕೊಳ್ಳುತ್ತಾ, ಮೂಲೆಯಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ಜಾಲರಿ ಕಿಟಕಿಯಿಂದ ಇಣುಕಿದ.

ಹೊಡೆಯುತ್ತಿದ್ದವಳು ಸೂಜಿ. ಅಡ್ಡಗಟ್ಟಲು ಹುಡುಗಿಯರು ಓಡಿಬರುತ್ತಿದ್ದರು, ಗೋಲಿನಲ್ಲಿ ಕೀಪರ್ ಇದ್ದಳು, ಪಂದ್ಯದಲ್ಲಿ ಇರುವುದೆಲ್ಲ ಇತ್ತು. ಚೆಂಡು ಹೊರಟಿತು, ನಿಂತಿತು, ಅವಳು ಬಗ್ಗಿದವಳು ತಲೆ ಎತ್ತಲೇ ಇಲ್ಲ. ಮೈಯೆಲ್ಲ ಒಂದೇ ಎಳೆತವಾಗಿ ಚೆಂಡು ಕೀಪರಿನ ಭುಜದ ಪಕ್ಕದಿಂದ ಒಳಗೆ ಹೋಗಿ ಹಲಗೆಗೆ ಬಡಿಯಿತು. ಅವನ ಎದೆ ತುಂಬಿಬಂತು. ಬಕೆಟ್ಟಿನ ಮೇಲೆ ನಿಂತಿದ್ದೇನೆಂಬುದನ್ನೂ ಮರೆತು, ಭಲೇ, ಎಂದು ಒಬ್ಬನೇ ಉದ್ಗರಿಸಿದ. ಬಂತು, ಅವಳ ಆಟ ವಾಪಸು ಬಂತು, ಇವತ್ತೇ ಬಂತು, ಇದಕ್ಕಿಂತ ಶುಭ ಸೂಚನೆ ಬೇರೆ ಏನು ಬೇಕು ಎಂದುಕೊಂಡು ಸಂಭ್ರಮದಿಂದ ಇಳಿದು, ಬಾಗಿಲು ತೆರೆದು, ಗೆರೆಯ ಬಳಿ ತನ್ನ ಜಾಗಕ್ಕೆ ಹೋಗಿ ನಿಂತ. ಹುಡುಗಿಯರು ಅವನನ್ನು ನೋಡಿದರು. ಮುಂದಿನ ಚೆಂಡು ಹೊರಟಿತು. ಅವನ ಬಲಗೈ ತಾನಾಗಿಯೇ ಮೇಲೆ ಹೋಯಿತು. ಬಗ್ಗಿದ್ದ ಸೂಜಿ ತಲೆ ಎತ್ತಿ ಅವನತ್ತ ನೋಡಿ, ಮತ್ತೆ ಬಗ್ಗಿ ಹೊಡೆದಳು. ಚೆಂಡು ಓಡಿಬಂದವಳ ಸ್ಟಿಕ್ಕಿಗೆ ತಾಗಿ ಹೊರಗೆ ಹೋಯಿತು. ಇನ್ನೊಂದು. ಕೈ, ನೋಟ, ಬಗ್ಗುವುದು, ಚೆಂಡು ಕಂಬದಾಚೆಗೆ. ಮೊದಲು ಅವನಿಗೆ ಸಿಟ್ಟೇ ಬಂತು, ಈ ಹುಡುಗಿ ತಾನು ಬಂದೊಡನೆ ಯಾಕೆ ಹೀಗೆ ಮಾಡುತ್ತಾಳೆ ಎಂದು. ಆಮೇಲೆ ಇನ್ನೂ ಮೇಲೇ ಇದ್ದ ತನ್ನ ಕೈಯನ್ನು ನೋಡಿಕೊಂಡ.

ಮರೆತದ್ದೇನನ್ನೋ ತರುವವನ ಹಾಗೆ ಸಾಮಾನಿನ ಕೋಣೆಗೆ ವಾಪಸು ಹೋಗಿ ಬಕೆಟ್ಟಿನ ಮೇಲೆ ಹತ್ತಿದ. ಹಲಗೆಯ ಸದ್ದು. ಮತ್ತೆ ಸದ್ದು. ಈ ಸಲ ಅವನಿಗೆ ಭಲೇ ಅನ್ನಲಾಗಲಿಲ್ಲ. ಹೊರಗೆ ಬಂದು ನಿಂತ, ತಪ್ಪಿತು. ಒಂದು ನೋಟ, ರೆಪ್ಪೆ ಬಡಿಯುವಷ್ಟು ಹೊತ್ತು. ಆ ಹೊತ್ತಿನಲ್ಲಿ ಕೀಪರ್ ಸರಿದುಕೊಳ್ಳುತ್ತಾಳೆ, ಅಡ್ಡಗಟ್ಟುವವರು ಒಂದು ಹೆಜ್ಜೆ ಹತ್ತಿರ ಬರುತ್ತಾರೆ, ಸೂಜಿಯ ಮೈಯೊಳಗೆ ಓಡುತ್ತಿದ್ದದ್ದು ತುಂಡಾಗುತ್ತದೆ. ಗೋಲಿನಲ್ಲಿ ನಿಂತು ಇಂಥ ಹೊಡೆತಗಳನ್ನು ಲೆಕ್ಕವಿಲ್ಲದಷ್ಟು ಎದುರಿಸಿದವನಿಗೆ ಹೊಡೆಯುವವನ ಒಂದು ಅರೆಗಳಿಗೆಯ ಬೆಲೆ ಗೊತ್ತಿಲ್ಲವೆಂದರೆ ಯಾರಾದರೂ ನಗುತ್ತಾರೆ. ಆದರೆ ಅವನು ಈ ಎಲ್ಲ ಪಂದ್ಯಗಳಲ್ಲಿ ನೋಡಿದ್ದು ಕೀಪರನ್ನು, ತನ್ನ ಕೈಯನ್ನು, ಚೆಂಡನ್ನು. ಅವಳ ಮುಖ ತನ್ನ ಕಡೆ ತಿರುಗುವುದನ್ನು ನೋಡಿದ್ದ; ಅದನ್ನು ತನಗೆ ಸಲ್ಲುತ್ತಿರುವ ಗೌರವ ಎಂದುಕೊಂಡಿದ್ದ. ಆಡುವಾಗ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ, ಗೋಲು ಬಿಟ್ಟಾಗ ಹೊರತು. ಕಾರ್ನರ್ ಸಿಕ್ಕಿತೆಂದರೆ ಮೈದಾನದ ಅತಿ ದೊಡ್ಡ ಆಟಗಾರ್ತಿ ತನ್ನ ಕೈಗಾಗಿ ಕಾಯುತ್ತಾಳೆ ಎಂಬುದೇ ಒಂದು ಅಮಲಾಗಿ, ಸೋತು ಮನೆಗೆ ಬಂದ ದಿನಗಳಲ್ಲೂ ಒಳಗೊಳಗೇ ಅವನು ಗೆದ್ದವನ ಹಾಗಿರುತ್ತಿದ್ದ.

ಅಭ್ಯಾಸ ಮುಗಿದ ಮೇಲೆ ಸ್ಕೂಟರನ್ನು ಅಲ್ಲೇ ಬಿಟ್ಟು ನಡೆದು ಹೊರಟ. ತಲೆಯೊಳಗೆ ವಕೀಲನೊಬ್ಬ ಕೂತಿದ್ದ. ಒಂದು ಬೆಳಗಿನ ಅಭ್ಯಾಸ ನೋಡಿ ಏನು ತೀರ್ಮಾನ ಮಾಡುತ್ತೀಯ ಎಂದು ಅವನು ಕೇಳಿದ. ಸರಿ, ನಿನ್ನ ಕೈಯೇ ಕಾರಣ ಅಂತಿಟ್ಟುಕೊಳ್ಳೋಣ, ಅದು ಗೊತ್ತಾದದ್ದು ಯಾರಿಗೆ, ನಿನಗೊಬ್ಬನಿಗೇ ತಾನೇ. ಹೂಂ ಅಂದುಬಿಡು. ಬಂದರಿನಲ್ಲಿ ಗೆರೆಯಾಚೆ ನಿಂತು ಕೈ ಎತ್ತುವ ಹುಚ್ಚರು ಇರಲಾರರು, ಅಲ್ಲಿ ಅವಳು ಹಾಯಾಗಿ ಗೋಲು ಹೊಡೆಯುತ್ತಾಳೆ, ಅವಳಿಗೂ ಒಳ್ಳೆಯದೇ ಆಗುತ್ತದೆ. ನಿನ್ನ ಒಳ್ಳೇದಕ್ಕೇ ಕಣಮ್ಮ ಅನ್ನುವ ಮಾತು ಈಗ ಸುಳ್ಳೂ ಅಲ್ಲ. ಈ ಕೊನೆಯ ಮಾತು ಎಷ್ಟು ನುಣುಪಾಗಿತ್ತೆಂದರೆ ಅವನು ರಸ್ತೆ ದಾಟುವುದನ್ನೂ ಮರೆತು ನಿಂತ. ಬಸ್ಸಿನವನು ಹಾರ್ನ್ ಬಾರಿಸಿ ಕೈ ಬೀಸಿ ಬೈದ. ಆದರೆ ಅವಳು ಅಲ್ಲಿ ಗೋಲು ಹೊಡೆದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ, ಮೊಂಡಾಗಿದ್ದದ್ದು ಸೂಜಿಯಲ್ಲ ಎಂದು. ಹೊಡೆಯದಿದ್ದರೆ? ಹೊಡೆಯದಿರಲಿ ಎಂದು ಮನಸ್ಸಿನ ಯಾವುದೋ ಮೂಲೆ ಬಯಸಿತು. ಅವಳು ಅಲ್ಲೂ ಸೋಲಲಿ, ಆಗ ತಾನು ಸರಿ. ಆ ಬಯಕೆಯನ್ನು ಸ್ಪಷ್ಟವಾಗಿ ಕಂಡದ್ದೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆಯ ಜೊತೆಗೇ, ಯಾಕೆಂದು ತಿಳಿಯದ ಒಂದು ಬಿಡುಗಡೆಯೂ ಆಯಿತು. ಇಷ್ಟು ಕೆಳಗೆ ಇಳಿದು ನೋಡಿಯಾಯಿತು, ಇನ್ನು ಇದಕ್ಕಿಂತ ಕೆಳಗೆ ಏನೂ ಇರಲಾರದು.

ಕಾರ್ಯದರ್ಶಿಯದು ಹಾಸಿಗೆ ಅಂಗಡಿ. ಅಲ್ಲಿ ಕುರ್ಚಿ ಒಂದೇ, ಅದರಲ್ಲಿ ಅವನೇ ಕೂರುತ್ತಾನೆ. ಬಂದವರು ಮಾರಾಟಕ್ಕಿಟ್ಟ ಹಾಸಿಗೆಗಳ ಮೇಲೆ ಕೂರಬೇಕು. ಪ್ಲಾಸ್ಟಿಕ್ ಹೊದಿಕೆ ಸದ್ದು ಮಾಡುತ್ತದೆ, ಸ್ಪ್ರಿಂಗು ಒಳಕ್ಕೆ ಎಳೆದುಕೊಳ್ಳುತ್ತದೆ, ಮೊಣಕಾಲು ಎದೆಗೆ ಬರುತ್ತದೆ, ಅಲ್ಲಿಂದ ಯಾರೂ ಗಂಭೀರವಾದ ಮಾತನ್ನು ಆಡಿ ಗೆದ್ದದ್ದಿಲ್ಲ. ಕಾರ್ಯದರ್ಶಿ ಕೆಟ್ಟವನಲ್ಲ. ಬಂದರಿನ ಕೀಪರ್ ಹುಡುಗಿಯ ಆಟದ ವಿಡಿಯೋ ತೋರಿಸಿದ, ಎಷ್ಟು ಚುರುಕು ನೋಡು, ನಿನ್ನ ಹಾಗೇ ಎಂದ. ಸೂಜಿಯ ಬಗ್ಗೆ ನನಗೂ ಬೇಜಾರಿದೆ, ಅವಳ ಮದುವೆಗೆ ಡಬಲ್ ಹಾಸಿಗೆ ಕೊಟ್ಟವನು ನಾನೇ ಎಂದ. ಫೋನು ಕೈಗೆತ್ತಿಕೊಂಡು, ಹಾಗಾದರೆ ಅವರಿಗೆ ಹೇಳಿಬಿಡಲಾ ಎಂದು ಕೇಳಿದ. ಹೂಂ ಎಂಬ ಅಕ್ಷರ ಅವನ ಗಂಟಲಲ್ಲೇ ಇತ್ತು, ಬಾಯಿ ತೆರೆಯುವ ಅಗತ್ಯವೂ ಇಲ್ಲದ ಅಕ್ಷರ. ಅವನು ಏಳಲು ನೋಡಿದ. ಹಾಸಿಗೆ ಬಿಡಲಿಲ್ಲ. ಎರಡು ಸಲ ಹೊಯ್ದಾಡಿ, ಪಕ್ಕದ ಮಂಚದ ಕಂಬ ಹಿಡಿದು ಎದ್ದು ನಿಂತ.

‘ಬೇಡ ಸಾರ್. ಅವಳನ್ನ ಬಿಡೋದು ಬೇಡ. ಅವಳ ಆಟ ಕೆಡಿಸಿದ್ದು ನಾನು.’

ಕಾರ್ಯದರ್ಶಿ ಫೋನನ್ನು ಮಡಿಲಲ್ಲಿಟ್ಟುಕೊಂಡ. ತರಬೇತುದಾರ ತನ್ನ ಕೈಯ ವಿಷಯ ಹೇಳಿದ, ಬಕೆಟ್ಟಿನ ವಿಷಯವನ್ನೂ ಹೇಳಿದ. ಹೇಳುತ್ತಾ ಹೋದಂತೆ ಮಾತು ಚಿಕ್ಕದಾಗುತ್ತಿದೆ, ಇಷ್ಟೇನಾ ಅನ್ನಿಸುತ್ತದೆ ಎಂದು ಅವನಿಗೇ ಗೊತ್ತಾಗುತ್ತಿತ್ತು. ಕಾರ್ಯದರ್ಶಿ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಅವನನ್ನು, ಕೊಳ್ಳಲು ಬಂದವರು ಹಾಸಿಗೆಯನ್ನು ಒತ್ತಿ ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದ.

‘ಅಲ್ಲಯ್ಯಾ, ನೀನು ಹೇಳೋದು ನಿಜ ಆದ್ರೆ ಬಿಟ್ಟುಕೊಡಬೇಕಾದ್ದು ಅವಳನ್ನಲ್ಲ, ನಿನ್ನನ್ನ.’

ಇರಬಹುದು ಎಂದ ಅವನು. ಕಾರ್ಯದರ್ಶಿ, ಋತು ಮುಗಿಯುವವರೆಗೆ ಇಬ್ಬರೂ ಇರಿ, ಆಮೇಲೂ ಹೀಗೇ ಆದರೆ ಇಬ್ಬರನ್ನೂ ಒಟ್ಟಿಗೇ ಕಳಿಸುತ್ತೇನೆ, ಆಗ ಕಮಿಟಿಯವರ ಮುಂದೆ ನಾನು ನಿನ್ನ ಪರ ಒಂದು ಮಾತೂ ಆಡುವುದಿಲ್ಲ ಎಂದ. ಬಂದರಿನವರಿಗೆ ಫೋನು ಮಾಡಿ ಏನೋ ಒಂದು ಸಬೂಬು ಹೇಳಿದ. ಅವನು ಹೊರಗೆ ಬಂದಾಗ ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು, ಹೊಟ್ಟೆ ಹಸಿದಿತ್ತು, ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಕೆಲಸ ಹೋದರೂ ಹೋಗಬಹುದು ಎಂಬುದು ನೆನಪಾಯಿತು. ಆದರೂ ಕಾಲುಗಳು ಹಗುರವಾಗಿದ್ದವು, ಮನೆಗೆ ಹೋಗಿ ಹೆಂಡತಿಗೆ ಹೇಳುವುದನ್ನು ಯಾವ ಕನ್ನಡಿಯ ಮುಂದೆಯೂ ಅಭ್ಯಾಸ ಮಾಡಬೇಕಾಗಿರಲಿಲ್ಲ. ಅದಕ್ಕೂ ಮುಂಚೆ ಇನ್ನೊಬ್ಬಳಿಗೆ ಹೇಳಬೇಕಿತ್ತು.

ಬೇಕರಿಯ ಪಕ್ಕದ ಮೆಟ್ಟಿಲು ಕಡಿದಾಗಿತ್ತು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಖಾಲಿ ಕೋಣೆ, ಹೊಸ ಬಣ್ಣದ ವಾಸನೆ, ಕೆಳಗಿನಿಂದ ಬರುವ ಬ್ರೆಡ್ಡಿನ ವಾಸನೆ. ಸೂಜಿ ಕಿಟಕಿಯ ಬಳಿ ಟೇಪು ಹಿಡಿದು ಪರದೆಗೆ ಅಳತೆ ತೆಗೆಯುತ್ತಿದ್ದಳು, ಮೊಣಕೈಗೆ ಬಿಳಿ ಬಣ್ಣ ಮೆತ್ತಿತ್ತು. ಅವನನ್ನು ನೋಡಿ ಗಾಬರಿಯಾಗಿ, ಸಾರ್ ನೀವಾ, ಕೂರೋಕೆ ಏನೂ ಇಲ್ಲ, ಎಂದು ಅತ್ತಿತ್ತ ನೋಡಿ, ಇದು ಮಗಳ ಕೋಣೆ, ಅಡುಗೆಮನೆ ಆ ಕಡೆ, ಈ ಕಿಟಕಿಯಿಂದ ಮೈದಾನದ ದೀಪದ ಕಂಬ ಕಾಣುತ್ತದೆ ಎಂದು ತೋರಿಸತೊಡಗಿದಳು. ಅವಳು ತೋರಿಸಿದ್ದನ್ನೆಲ್ಲ ನೋಡಿ ಮುಗಿಸಿದರೆ ತನಗೆ ಬಾಯಿ ಬರುವುದಿಲ್ಲವೆಂದು ಅವನು ನಡುವೆಯೇ ಹೇಳಿಬಿಟ್ಟ. ಬಂದರಿನವರು ಕೇಳಿದ್ದು, ತನ್ನ ಒಪ್ಪಿಗೆಗಾಗಿ ಕಾದಿದ್ದು, ಬೆಳಗಿನವರೆಗೂ ತಾನು ಹೂಂ ಅನ್ನಬೇಕೆಂದೇ ಇದ್ದದ್ದು, ಈಗ ಬೇಡವೆಂದು ಬಂದದ್ದು. ಖಾಲಿ ಕೋಣೆಯಲ್ಲಿ ಮಾತು ಗೋಡೆಗೆ ತಾಗಿ ದೊಡ್ಡದಾಗಿ ಕೇಳಿಸಿತು. ಅವಳು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

‘ನಾನು ವ್ಯಾನು ಕೇಳಿದಾಗ ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಆದ್ರೂ ನೋಡೋಣ ಅಂದ್ರಿ.’

‘ಅಂದೆ.’

ಅವಳು ತಿರುಗಿ ಕಿಟಕಿಯ ಕಡೆ ಮುಖ ಮಾಡಿದಳು. ಬೈಯಲಿ ಎಂದುಕೊಂಡ. ಬೈಯಲಿಲ್ಲ, ಆಗಲೇ ಅಳೆದಿದ್ದ ಕಿಟಕಿಯನ್ನು ಇನ್ನೊಮ್ಮೆ ಅಳೆದಳು. ಅವನು ಅವಳ ಬೆನ್ನಿಗೇ ಉಳಿದದ್ದನ್ನೂ ಹೇಳಿದ, ಸಾಮಾನಿನ ಕೋಣೆ, ಹಲಗೆಯ ಸದ್ದು, ತಾನು ಹೊರಗೆ ಬಂದಾಗೆಲ್ಲ ತಪ್ಪಿದ್ದು. ಇನ್ನು ಮೇಲೆ ಕೈ ಎತ್ತುವುದಿಲ್ಲ, ನೀನು ನನ್ನತ್ತ ನೋಡಬೇಡ ಎಂದ. ಹೇಳಿ ಮುಗಿಸಿದಾಗ, ಎಲ್ಲ ಒಪ್ಪಿಕೊಂಡ ಮೇಲೆ ಬರುವ ಒಂದು ಬಗೆಯ ಜಂಬ ಅವನೊಳಗೆ ಆಗಲೇ ತಲೆ ಎತ್ತುತ್ತಿತ್ತು.

‘ನಂಗೊತ್ತಿತ್ತು ಸಾರ್,’ ಎಂದಳು ಅವಳು, ತಿರುಗದೆ.

ಏನು ಗೊತ್ತಿತ್ತು ಎಂದು ಅವನು ಕೇಳಿದ. ನೋಡಿದರೆ ತಪ್ಪುತ್ತದೆ ಎಂದು ಗೊತ್ತಿತ್ತು, ಶುರುವಿನಲ್ಲಿ ಅಲ್ಲ, ಆಮೇಲೆ. ನೀವು ಬರುವ ಮೊದಲು ಒಬ್ಬಳೇ ಹೊಡೆಯುವಾಗ ಗೊತ್ತಾಯಿತು. ಅವನ ಜಂಬ ಇಳಿದುಹೋಯಿತು. ಕೋಪದ ಹಾಗಿನದೊಂದು ಎದ್ದಿತು. ಗೊತ್ತಿದ್ದೂ ಇಷ್ಟು ಪಂದ್ಯ ಸೋತೆವಾ, ಯಾಕೆ ಹೇಳಲಿಲ್ಲ ಎಂದು ಕೇಳುವಾಗ ದನಿ ಜೋರಾಗಿಯೇ ಬಂತು. ಅವಳು ಈಗ ತಿರುಗಿದಳು. ಕಣ್ಣು ಕೆಂಪಾಗಿತ್ತು, ಆದರೆ ತುಟಿಯಂಚಿನಲ್ಲಿ ನಗುವಿನಂಥದೂ ಇತ್ತು.

‘ಹೇಗೆ ಹೇಳ್ಲಿ? ನೀವು ಬಸ್ಸಲ್ಲಿ ಆ ಪೇಪರ್ ಓದಿದ್ರಲ್ಲ, ಆಗ ನಿಮ್ಮ ಮುಖ ನೀವು ನೋಡ್ಕೊಂಡಿಲ್ಲ. ಆಮೇಲೆ ಅಲ್ಲಿ ಕೈ ಎತ್ಕೊಂಡು ನಿಂತಿರ್ತೀರಿ. ಅಷ್ಟು ಜನರ ಮುಂದೆ. ನಾನು ನೋಡದೇ ಹೊಡೆದ್ರೆ ಆ ಕೈನ ನೀವು ಎಲ್ಲಿ ಇಟ್ಕೋಬೇಕು?’

ಅವನು ಗೋಡೆಗೆ ಒರಗಿದ. ಬಣ್ಣ ಇನ್ನೂ ಹಸಿ ಎಂದು ಅವಳು ಹೇಳುವಷ್ಟರಲ್ಲಿ ಅಂಗಿಯ ಬೆನ್ನಿಗೆ ಹತ್ತಿಯಾಗಿತ್ತು. ಸರಿಯಲಿಲ್ಲ. ತಾನು ಅವಳಿಗೆ ದಾರಿ ತೋರಿಸುತ್ತಿದ್ದೇನೆಂದು ಬೀಗಿದ ಅಷ್ಟೂ ದಿನ ಅವಳು ತನ್ನನ್ನು, ಬೀಳುತ್ತಾನೇನೋ ಎಂಬಂತೆ, ಕಣ್ಣಿನಲ್ಲೇ ಹಿಡಿದುಕೊಂಡಿದ್ದಳು. ಆ ಹುಡುಗಿಯನ್ನು ಇವತ್ತು ಮಧ್ಯಾಹ್ನ ಒಂದು ಅಕ್ಷರದಲ್ಲಿ ಕಳೆದುಕೊಳ್ಳಲಿದ್ದ. ನಾಚಿಕೆ ಎಂಬುದು ಸಾಕಾಗದಷ್ಟು ನಾಚಿಕೆಯಾಯಿತು. ಕ್ಷಮಿಸು ಎನ್ನಲು ಹೋದ. ಅವಳು ತಡೆದಳು.

‘ಪೂರ್ತಿ ನಿಮಗೋಸ್ಕರ ಅಂತ ತಿಳ್ಕೋಬೇಡಿ ಸಾರ್,’ ಎಂದಳು. ‘ನಿಮ್ಮ ಕೈ ನೋಡಿ ಹೊಡೆದು ತಪ್ಪಿದ್ರೆ ಅರ್ಧ ತಪ್ಪು ನಿಮ್ದು ಅಂತ ಒಂದು ಧೈರ್ಯ ಇರ್ತಿತ್ತು. ಮಗು ಆದ್ಮೇಲೆ ಎಲ್ರೂ ನನ್ನ ಕಾಲನ್ನೇ ನೋಡ್ತಿದ್ರು. ನೋಡದೇ ಹೊಡೆದು, ಆಗ್ಲೂ ತಪ್ಪಿಬಿಟ್ರೆ?’

ಕೆಳಗೆ ಬೇಕರಿಯವನು ಶಟರ್ ಎಳೆದ ಸದ್ದು ಬಂತು. ಅವನಿಗೆ ಅವಳ ಮಾತಿನಿಂದ ನೋವಾಗಬೇಕಿತ್ತು, ಆಗಲಿಲ್ಲ. ತಾನು ಅವಳ ಕಾಲಿನ ಹಿಂದೆ ಅಡಗಿದ್ದರೆ ಅವಳು ತನ್ನ ಕೈಯ ಹಿಂದೆ ಅಡಗಿದ್ದಳು. ಇಬ್ಬರೂ ಸಿಕ್ಕಿಬಿದ್ದು ಈ ಖಾಲಿ ಕೋಣೆಯಲ್ಲಿ ಎದುರುಬದುರು ನಿಂತಿದ್ದರು, ಕೂರಲು ಕುರ್ಚಿಯೂ ಇಲ್ಲದೆ. ನಾಡಿದ್ದಿನ ಪಂದ್ಯದಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು. ಆದರೆ ಬೆಳಗ್ಗೆ ಜಾಲರಿಯ ಹಿಂದಿನಿಂದ ಕಂಡ ಆ ಹೊಡೆತ, ತಲೆ ಎತ್ತದೆ ಬಗ್ಗಿದ ಆ ಮೈ, ಅದು ಸುಳ್ಳಲ್ಲ. ಅದನ್ನು ಅವನು ಕಣ್ಣಾರೆ ಕಂಡಿದ್ದ.

‘ಇನ್ಮೇಲೆ ತಪ್ಪಿದ್ರೆ ಪೂರ್ತಿ ನಂದೇ,’ ಎಂದಳು ಅವಳು. ‘ಭಯ ಆಗುತ್ತೆ ಸಾರ್.’

‘ಗೋಲಾದ್ರೂ ಪೂರ್ತಿ ನಿಂದೇ ಅಲ್ವಾ.’

ಅವಳು ಮೂಗೊರೆಸಿಕೊಂಡು ಅವನನ್ನು ನೋಡಿದಳು. ಈ ಋತುವಿನಲ್ಲಿ ಮೊದಲ ಸಲ, ಯಾವುದಕ್ಕೂ ಕಾಯದೆ, ಸುಮ್ಮನೆ ನೋಡಿದಳು.

‘ಮತ್ತೆ? ಅದರಲ್ಲೂ ಅರ್ಧ ಕೇಳೋಣ ಅಂತಿದ್ರಾ?’

ಅವನು ನಕ್ಕ. ಬೆನ್ನಿಗೆ ಬಣ್ಣ ಮೆತ್ತಿಕೊಂಡೇ, ಕೋಣೆಯೆಲ್ಲ ಸದ್ದಾಗುವಂತೆ ನಕ್ಕ. ಅವಳು ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಅಲ್ಲಾಡಿಸದೆ ಹಿಡಿದುಕೊಳ್ಳಿ ಎಂದು ಹೇಳಿ, ಇನ್ನೊಂದು ತುದಿ ಹಿಡಿದು ಗೋಡೆಯ ಆ ಕೊನೆಗೆ ನಡೆದಳು.